ನ್ಯೂಯಾರ್ಕಿನ ಬಾನುಲಿಯಲ್ಲಿ ಹಾಡು ಕಟ್ಟಿದವರು

ತಾವೇ ಬರೆದು, ತಾವೇ ಮಟ್ಟು ಹಾಕಿ, ಗಿಟಾರನ್ನೋ ಬ್ಯಾಂಜೊವನ್ನೋ ನುಡಿಸುತ್ತ ತಾವೇ ಹಾಡುವವರಿಗೆ ನ್ಯೂಯಾರ್ಕ್ ನಗರದ ಕೆಲವು ಬಾನುಲಿ ನಿಲಯಗಳು 1940ರ ದಶಕದಿಂದ ಈಚೆಗೆ ದೊಡ್ಡ ಆಸರೆಯಾಗಿದ್ದವು. ನಿಲಯಕ್ಕೆ ಮೊದಲ ಸಲ ಬಂದಾಗ ಇವರಲ್ಲಿ ಹಲವರನ್ನು ಯಾವ ಧ್ವನಿಮುದ್ರಿಕೆ ಕಂಪನಿಯೂ ಕರೆದಿರಲಿಲ್ಲ. ಕೆಲವರ ಹಾಡು ತೀರಾ ಉದ್ದವಾಗಿತ್ತು, ಕೆಲವರ ಹಾಡಿನ ಮಾತು ತೀರಾ ಖಾರವಾಗಿತ್ತು, ಇನ್ನು ಕೆಲವರ ಹೆಸರು ಕಪ್ಪುಪಟ್ಟಿಯಲ್ಲಿತ್ತು. ಅಂಥವರನ್ನು ಕರೆದು ಮೈಕಿನ ಮುಂದೆ ಕೂರಿಸಿ ಹಾಡಿಸಿದ ನಿರೂಪಕರಲ್ಲಿ ಆಸ್ಕರ್ ಬ್ರ್ಯಾಂಡ್, ಬಾಬ್ ಫಾಸ್, ವಿನ್ ಸ್ಕೆಲ್ಸಾ, ಡೇವಿಡ್ ಗಾರ್ಲೆಂಡ್ ಈ ನಾಲ್ವರನ್ನು ಮುಖ್ಯವಾಗಿ ನೆನೆಯಬೇಕು. ಅವರ ಕಾರ್ಯಕ್ರಮಗಳ ರೀತಿ ಬೇರೆ ಬೇರೆ. ಆದರೆ ಯಾರನ್ನು ಕರೆಯಬೇಕು, ಎಷ್ಟು ಹೊತ್ತು ಹಾಡಿಸಬೇಕು ಎಂಬುದನ್ನು ನಾಲ್ವರೂ ತಾವೇ ತೀರ್ಮಾನಿಸುತ್ತಿದ್ದರು. ಈ ಸ್ವಾತಂತ್ರ್ಯವೇ ಆ ಕಾರ್ಯಕ್ರಮಗಳ ಜೀವಾಳ.

ಈ ಪರಂಪರೆಗೆ ನೆಲ ಹದ ಮಾಡಿದ್ದು ನ್ಯೂಯಾರ್ಕ್ ನಗರಾಡಳಿತವೇ ನಡೆಸುತ್ತಿದ್ದ ಡಬ್ಲ್ಯು.ಎನ್.ವೈ.ಸಿ. ನಿಲಯ. 1924ರ ಜುಲೈ 8ರಂದು ಮ್ಯಾನ್‌ಹಟನ್ನಿನ ಮುನಿಸಿಪಲ್ ಕಟ್ಟಡದಿಂದ ಅದರ ಪ್ರಸಾರ ಶುರುವಾಯಿತು. ನಗರದ ದುಡ್ಡಿನಲ್ಲಿ ನಡೆಯುತ್ತಿದ್ದ ನಿಲಯವಾದ್ದರಿಂದ ಸಾಬೂನು, ಸಿಗರೇಟು ಮಾರುವವರ ಮರ್ಜಿ ಕಾಯಬೇಕಿರಲಿಲ್ಲ. 1940ರಲ್ಲಿ ಅದು ಅಮೆರಿಕನ್ ಸಂಗೀತೋತ್ಸವವನ್ನು ಆರಂಭಿಸಿತು. ಲಿಂಕನ್ ಹುಟ್ಟಿದ ದಿನವಾದ ಫೆಬ್ರುವರಿ 12ರಿಂದ ವಾಷಿಂಗ್ಟನ್ ಹುಟ್ಟಿದ ದಿನವಾದ ಫೆಬ್ರುವರಿ 22ರವರೆಗೆ, ಅಮೆರಿಕದಲ್ಲೇ ಹುಟ್ಟಿದ ಸಂಗೀತಕ್ಕೆ ಮೀಸಲಾದ ಹಬ್ಬವದು. ಯುರೋಪಿನ ಶಾಸ್ತ್ರೀಯ ಸಂಗೀತವೇ ಶ್ರೇಷ್ಠ ಎಂದು ವಿದ್ಯಾವಂತರು ನಂಬಿದ್ದ ಕಾಲದಲ್ಲಿ ಹೊಲಗದ್ದೆಯ ಹಾಡು, ಬ್ಲೂಸ್, ಕಾರ್ಮಿಕರ ಹಾಡುಗಳಿಗೂ ಸ್ಟುಡಿಯೊದ ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ಹಡಿ ಲೆಡ್‌ಬೆಟರ್ ಮೊದಲಿಗರ ಸಾಲಿನವರು. ಲೆಡ್ ಬೆಲಿ ಎಂದೇ ಹೆಸರಾದ ಈತ ಲೂಯಿಸಿಯಾನಾದ ಕಪ್ಪುಜನಾಂಗದ ರೈತ ಕುಟುಂಬದವರು. ಹನ್ನೆರಡು ತಂತಿಯ ಗಿಟಾರ್ ಅವರ ವಾದ್ಯ. 1933ರಲ್ಲಿ ಜಾನಪದ ಸಂಗ್ರಾಹಕರಾದ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್ ಲೋಮ್ಯಾಕ್ಸ್ ಅಂಗೋಲಾ ಸೆರೆಮನೆಯಲ್ಲಿ ಅವರ ಹಾಡನ್ನು ಮುದ್ರಿಸಿಕೊಂಡಿದ್ದರು. 1940ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಅವರಿಗೆ ಡಬ್ಲ್ಯು.ಎನ್.ವೈ.ಸಿ. ಅಮೆರಿಕದ ಜನಪದ ಹಾಡುಗಳ ಸರಣಿಯೊಂದನ್ನೇ ಒಪ್ಪಿಸಿತು. ಅದೇ ವರ್ಷದ ಆರಂಭದಲ್ಲಿ ಒಕ್ಲಹೋಮದ ವುಡಿ ಗತ್ರಿ ನಗರಕ್ಕೆ ಬಂದಿಳಿದರು. ಧೂಳುಬಿರುಗಾಳಿಗೆ ಹೊಲ ಕಳೆದುಕೊಂಡು ಗುಳೆ ಹೋದ ಜನರ ಪಾಡನ್ನು ಹಾಡಾಗಿಸುತ್ತಿದ್ದವರು ಅವರು. ನಿಲಯದಲ್ಲಿ ಜನಪದ ಸಂಗೀತದ ಕಾರ್ಯಕ್ರಮಗಳನ್ನು ರೂಪಿಸುತ್ತಿದ್ದ ಹೆನ್ರಿಯೆಟ್ಟಾ ಯುರ್ಚೆಂಕೊ ಇಬ್ಬರಿಗೂ ಅವಕಾಶ ಕೊಟ್ಟರು. ಇಬ್ಬರೂ ಹಳೆಯ ಮಟ್ಟುಗಳನ್ನು ಎತ್ತಿಕೊಂಡು ಆ ದಿನದ ಸುದ್ದಿ, ಬಾಡಿಗೆಯ ಕಷ್ಟ, ಜನಾಂಗದ್ವೇಷ, ಯುದ್ಧ ಇವುಗಳ ಮೇಲೆ ಹೊಸ ಮಾತು ಹೊಸೆಯುತ್ತಿದ್ದರು. ಮುಂದಿನ ತಲೆಮಾರಿನ ಹಾಡುಗಾರರೆಲ್ಲ ಕಲಿತದ್ದು ಈ ಇಬ್ಬರಿಂದ.

ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945ರ ಡಿಸೆಂಬರಿನಲ್ಲಿ, ಸೇನೆಯಿಂದ ಹೊರಬಂದ ತರುಣ ಆಸ್ಕರ್ ಬ್ರ್ಯಾಂಡ್ ಇದೇ ನಿಲಯದಲ್ಲಿ ಒಂದು ವಾರದ ಮಟ್ಟಿಗೆ ಕ್ರಿಸ್ಮಸ್ ಹಾಡುಗಳನ್ನು ಹಾಡಿದರು. ಕಾರ್ಯಕ್ರಮ ಮುಗಿದ ಮೇಲೆ ನಿಲಯದವರು ಮುಂದಿನ ವಾರವೂ ಬರುವಂತೆ ಹೇಳಿದರು. ಹಾಗೆ ಶುರುವಾದದ್ದೇ ‘ಫೋಕ್‌ಸಾಂಗ್ ಫೆಸ್ಟಿವಲ್’. ಬ್ರ್ಯಾಂಡ್ 1920ರಲ್ಲಿ ಕೆನಡಾದ ವಿನ್ನಿಪೆಗ್ ಬಳಿ ಯಹೂದಿ ಮನೆತನದಲ್ಲಿ ಹುಟ್ಟಿ, ಬ್ರೂಕ್ಲಿನ್ನಿನಲ್ಲಿ ಬೆಳೆದು, ಬ್ರೂಕ್ಲಿನ್ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಅವರ ದನಿಯಲ್ಲಿ ಆಡಂಬರವಿರಲಿಲ್ಲ. ಹಾಡಿನ ಹಿಂದಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಿ, ಅತಿಥಿಗೆ ಜಾಗ ಬಿಟ್ಟುಕೊಡುವುದು ಅವರ ಪದ್ಧತಿ. ಆ ವಾರದಿಂದ ಮೊದಲ್ಗೊಂಡು 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಕಾರ್ಯಕ್ರಮವನ್ನು ನಡೆಸಿದರು. ಒಬ್ಬನೇ ನಿರೂಪಕ ಅತಿ ದೀರ್ಘಕಾಲ ನಡೆಸಿದ ಬಾನುಲಿ ಕಾರ್ಯಕ್ರಮವೆಂದು ಗಿನ್ನೆಸ್ ದಾಖಲೆ ಅದನ್ನು ಗುರುತಿಸಿತು.

ಈ ಎಪ್ಪತ್ತು ವರ್ಷ ಬ್ರ್ಯಾಂಡ್ ನಿಲಯದಿಂದ ಸಂಬಳ ಪಡೆಯಲಿಲ್ಲ, ಕರಾರುಪತ್ರಕ್ಕೆ ಸಹಿಯನ್ನೂ ಹಾಕಲಿಲ್ಲ. ಅವರ ಹೊಟ್ಟೆಪಾಡು ಕಛೇರಿಗಳಿಂದ, ಧ್ವನಿಮುದ್ರಿಕೆಗಳಿಂದ, ಪುಸ್ತಕ ಮತ್ತು ಚಿತ್ರಕಥೆಗಳಿಂದ ನಡೆಯುತ್ತಿತ್ತು. ಸೈನಿಕರ ಹಾಡೊಂದನ್ನು ತಿದ್ದಿ ಅವರು ಮಾಡಿದ ಗೀತೆಯನ್ನು ಡೋರಿಸ್ ಡೇ ಹಾಡಿದಾಗ, 1952ರಲ್ಲಿ, ಅದು ದೇಶವೆಲ್ಲ ಜನಪ್ರಿಯವಾಯಿತು. ಆದರೂ ವಾರಕ್ಕೊಮ್ಮೆಯ ಬಾನುಲಿ ಕೆಲಸವನ್ನು ಅವರು ಬಿಡಲಿಲ್ಲ. ಸಂಬಳ ಕೊಡದ ನಿಲಯಕ್ಕೆ ಅಪ್ಪಣೆ ಕೊಡುವ ಅಧಿಕಾರವೂ ಇರುವುದಿಲ್ಲ ಎಂಬುದನ್ನು ಅವರು ಬೇಗ ಅರಿತುಕೊಂಡಿದ್ದರು. ವುಡಿ ಗತ್ರಿ, ಲೆಡ್ ಬೆಲಿ, ಪೀಟ್ ಸೀಗರ್, ಕೆಂಟಕಿಯ ಬೆಟ್ಟಗಳಿಂದ ಬಂದ ಜೀನ್ ರಿಚಿ, ವೀವರ್ಸ್ ತಂಡ ಇವರೆಲ್ಲ ಅಲ್ಲಿ ಹಾಡಿದರು. ಮುಂದೆ ಜೋನ್ ಬೇಜ್, ಜೂಡಿ ಕಾಲಿನ್ಸ್, ಫಿಲ್ ಓಕ್ಸ್, ಆರ್ಲೊ ಗತ್ರಿ ಬಂದರು. ಪರಂಪರೆಯ ಹಾಡನ್ನು ಕಾಪಾಡಿಕೊಂಡು ಬಂದವರೂ ಅದನ್ನು ಮುರಿದು ಕಟ್ಟುವವರೂ ಒಂದೇ ಕಾರ್ಯಕ್ರಮದಲ್ಲಿ ಹಾಡಬಹುದಾಗಿತ್ತು.

ಆ ಸ್ವಾತಂತ್ರ್ಯಕ್ಕೆ ಬಂದ ದೊಡ್ಡ ಪರೀಕ್ಷೆ 1950ರದು. ಆ ವರ್ಷದ ಜೂನಿನಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ಹೊರಬಂತು. ಬಾನುಲಿ, ಟೆಲಿವಿಷನ್ ಕ್ಷೇತ್ರದ 151 ಮಂದಿಯನ್ನು ಕಮ್ಯುನಿಸ್ಟ್ ಒಲವಿನವರೆಂದು ಅದು ಹೆಸರಿಸಿತ್ತು. ಅದನ್ನು ಪ್ರಕಟಿಸಿದ್ದು ಸರ್ಕಾರವಲ್ಲ, ಒಂದು ಖಾಸಗಿ ಪತ್ರಿಕೆ. ಆದರೂ ಜಾಹೀರಾತುದಾರರ ಹೆದರಿಕೆಯಿಂದ ದೊಡ್ಡ ಜಾಲಗಳು ಪಟ್ಟಿಯಲ್ಲಿದ್ದವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದವು. ಪೀಟ್ ಸೀಗರ್ ಹೆಸರು ಅದರಲ್ಲಿತ್ತು, ಬ್ರ್ಯಾಂಡ್ ಹೆಸರೂ ಇತ್ತು. ಸೀಗರ್ ಇದ್ದ ವೀವರ್ಸ್ ತಂಡ ಲೆಡ್ ಬೆಲಿಯ ಹಾಡೊಂದನ್ನು ಹಾಡಿ ದೇಶದ ಮೊದಲ ಸ್ಥಾನಕ್ಕೇರಿಸಿದ್ದು ಅದೇ 1950ರಲ್ಲಿ. ಲೆಡ್ ಬೆಲಿ ಅದಕ್ಕೆ ಕೆಲವೇ ತಿಂಗಳ ಮುಂಚೆ, 1949ರ ಡಿಸೆಂಬರಿನಲ್ಲಿ, ತೀರಿಕೊಂಡಿದ್ದರು. ಇಷ್ಟು ಗೆದ್ದ ತಂಡಕ್ಕೂ ಎರಡು ವರ್ಷದೊಳಗೆ ಹಾಡುವ ಜಾಗಗಳು ಮುಚ್ಚಿಹೋದವು. ಬ್ರ್ಯಾಂಡ್ ಮಾತ್ರ ಪಟ್ಟಿಯಲ್ಲಿದ್ದ ಹಾಡುಗಾರರನ್ನು ಕರೆಯುತ್ತಲೇ ಹೋದರು. ಅವರ ಕಾರ್ಯಕ್ರಮಕ್ಕೆ ಪ್ರಾಯೋಜಕರಿರಲಿಲ್ಲ. ಹೀಗಾಗಿ ಅವರನ್ನು ಹೆದರಿಸಿ ಹಿಂದೆ ಸರಿಸುವ ದಾರಿಯೂ ಇರಲಿಲ್ಲ. ಸೀಗರ್ ಅವರಿಗೆ ರಾಷ್ಟ್ರೀಯ ಟೆಲಿವಿಷನ್ನಿನ ಬಾಗಿಲು ಮತ್ತೆ ತೆರೆಯಲು 1967ರವರೆಗೆ ಕಾಯಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಅವರ ದನಿ ಜನರಿಗೆ ತಲುಪಿದ್ದು ಇಂಥ ಸಣ್ಣ ಕಾರ್ಯಕ್ರಮಗಳಿಂದ, ಕಾಲೇಜುಗಳ ಸಭಾಂಗಣಗಳಿಂದ.

1961 ಈ ಕಥೆಯಲ್ಲಿ ಮುಖ್ಯವಾದ ವರ್ಷ. ಮಿನೆಸೋಟಾದ ಹಿಬ್ಬಿಂಗ್ ಎಂಬ ಗಣಿ ಊರಿನಲ್ಲಿ ಬೆಳೆದ ಬಾಬ್ ಡಿಲನ್ ಆ ವರ್ಷದ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದರು. ಜುಲೈ 29ರಂದು ರಿವರ್‌ಸೈಡ್ ಚರ್ಚಿನ ನಿಲಯವಾದ ಡಬ್ಲ್ಯು.ಆರ್.ವಿ.ಆರ್. ಚರ್ಚಿನ ಸಭಾಗೃಹದಿಂದಲೇ ದಿನವಿಡೀ ಜನಪದ ಸಂಗೀತದ ಕಛೇರಿಯನ್ನು ನೇರವಾಗಿ ಪ್ರಸಾರ ಮಾಡಿತು. ಗ್ರೀನ್‌ವಿಚ್ ವಿಲೇಜಿನ ಕಾಫಿಮನೆಗಳಲ್ಲಿ ಹಾಡುತ್ತಿದ್ದ ಹತ್ತಾರು ಮಂದಿ ಸರದಿಯಂತೆ ಬಂದು ಹಾಡಿದರು. ಇಪ್ಪತ್ತರ ಹರೆಯದ ಡಿಲನ್ ಅವರಲ್ಲಿ ಒಬ್ಬರು. ಅಕ್ಟೋಬರ್ 29ರಂದು ಬ್ರ್ಯಾಂಡ್ ಅವರನ್ನು ತಮ್ಮ ಕಾರ್ಯಕ್ರಮಕ್ಕೆ ಕರೆದರು. ತಾನು ಊರೂರು ತಿರುಗುವ ಮೇಳಗಳ ಜೊತೆ ಅಲೆದವನೆಂದು ಡಿಲನ್ ಅಲ್ಲಿ ಕಥೆ ಹೇಳಿದರು. ಅದು ನಿಜವಲ್ಲ, ಆದರೆ ತನಗೊಂದು ಪೂರ್ವಕಥೆಯನ್ನೂ ಹಾಡಿನಂತೆಯೇ ಕಟ್ಟಿಕೊಳ್ಳುವ ಹುಡುಗನ ಹಂಬಲ ಆ ಮಾತುಕತೆಯಲ್ಲಿ ಎದ್ದು ಕಾಣುತ್ತದೆ. ಆರು ದಿನಗಳ ನಂತರ, ನವೆಂಬರ್ 4ರಂದು, ಕಾರ್ನೆಗಿ ಹಾಲ್ ಕಟ್ಟಡದ ಚಿಕ್ಕ ಸಭಾಂಗಣವಾದ ಚಾಪ್ಟರ್ ಹಾಲಿನಲ್ಲಿ ಅವರ ಕಛೇರಿ ನಡೆಯಿತು. ಮ್ಯಾಕ್‌ಡೂಗಲ್ ಬೀದಿಯಲ್ಲಿ ಫೋಕ್‌ಲೋರ್ ಸೆಂಟರ್ ಅಂಗಡಿ ನಡೆಸುತ್ತಿದ್ದ ಇಸ್ರೇಲ್ ಯಂಗ್ ಅದನ್ನು ಏರ್ಪಡಿಸಿದ್ದರು. ಬಂದವರು ಐವತ್ತು ಚಿಲ್ಲರೆ ಮಂದಿ ಮಾತ್ರ. 1962ರ ಮಾರ್ಚಿನಲ್ಲಿ ಹೊರಬಂದ ಡಿಲನ್ ಅವರ ಮೊದಲ ಧ್ವನಿಮುದ್ರಿಕೆಯ ಹದಿಮೂರು ಹಾಡುಗಳಲ್ಲಿ ಅವರೇ ಕಟ್ಟಿದ್ದು ಎರಡು. ಅವುಗಳಲ್ಲಿ ಒಂದು ವುಡಿ ಗತ್ರಿಯವರಿಗೆ ಸಲ್ಲಿಸಿದ ವಂದನೆ.

ಬ್ರ್ಯಾಂಡ್ ತಾವು ಹುಟ್ಟಿದ ದೇಶಕ್ಕೂ ಇದೇ ಮಾದರಿಯನ್ನು ಕೊಂಡೊಯ್ದರು. 1963ರಿಂದ ಕೆನಡಾದ ಟೆಲಿವಿಷನ್ನಿಗಾಗಿ ಅವರು ನಡೆಸಿಕೊಟ್ಟ ‘ಲೆಟ್ಸ್ ಸಿಂಗ್ ಔಟ್’ ಕಾರ್ಯಕ್ರಮ ವಿಶ್ವವಿದ್ಯಾಲಯಗಳ ಸಭಾಂಗಣಗಳಲ್ಲಿ, ವಿದ್ಯಾರ್ಥಿಗಳ ಎದುರು ಚಿತ್ರೀಕರಣವಾಗುತ್ತಿತ್ತು. ಜೋನಿ ಆಂಡರ್ಸನ್ ಎಂಬ ಹುಡುಗಿ 1965ರಲ್ಲಿ ಅಲ್ಲಿ ಹಾಡಿದಳು. ಆಕೆಯೇ ಮುಂದೆ ಜೋನಿ ಮಿಚೆಲ್ ಎಂದು ಹೆಸರಾಗಿ, ಗಿಟಾರಿನ ಶ್ರುತಿಯನ್ನೇ ಹೊಸ ಹೊಸ ರೀತಿಯಲ್ಲಿ ಕೂಡಿಸಿ ಯಾರೂ ಕೇಳದಂಥ ಹಾಡು ಕಟ್ಟಿದರು.

ನಗರದ ದುಡ್ಡೂ ಬೇಡ, ಜಾಹೀರಾತೂ ಬೇಡ, ಕೇಳುಗರ ವಂತಿಗೆಯಿಂದಲೇ ನಿಲಯ ನಡೆಸಬೇಕು ಎಂಬುದು ಇನ್ನೊಂದು ದಾರಿ. ಯುದ್ಧವಿರೋಧಿಯಾಗಿದ್ದ ಲೂಯಿಸ್ ಹಿಲ್ 1949ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೆ.ಪಿ.ಎಫ್.ಎ. ನಿಲಯದಿಂದ ಅದನ್ನು ತೋರಿಸಿಕೊಟ್ಟಿದ್ದರು. ಅವರ ಪೆಸಿಫಿಕಾ ಸಂಸ್ಥೆಗೆ 1960ರಲ್ಲಿ ನ್ಯೂಯಾರ್ಕಿನ ಡಬ್ಲ್ಯು.ಬಿ.ಎ.ಐ. ಸಿಕ್ಕಿತು. ಅದರ ಒಡೆಯರಾದ ಲೂಯಿಸ್ ಶ್ವೈಟ್ಸರ್ ನಿಲಯವನ್ನು ಮಾರದೆ ದಾನವಾಗಿಯೇ ಕೊಟ್ಟರು. 99.5 ಎಫ್.ಎಂ.ನಲ್ಲಿ ಬರುತ್ತಿದ್ದ ಆ ನಿಲಯ ನಡುರಾತ್ರಿಯಾದ ಮೇಲೆ ಸುಮ್ಮನಾಗುತ್ತಿತ್ತು. ಅಲ್ಲಿ ಉದ್ಘೋಷಕರಾಗಿದ್ದ ನಟ ಬಾಬ್ ಫಾಸ್ ಆ ಖಾಲಿ ಹೊತ್ತನ್ನು ತನಗೆ ಕೊಡಿ ಎಂದು ಕೇಳಿದರು. 1963ರಲ್ಲಿ ‘ರೇಡಿಯೊ ಅನ್‌ನೇಮಬಲ್’ ಹುಟ್ಟಿತು. ಸ್ಯಾಮ್ಯುಯೆಲ್ ಬೆಕೆಟ್ ಅವರ ಕಾದಂಬರಿಯಿಂದ ಎತ್ತಿಕೊಂಡ ಹೆಸರು ಅದು.

ಫಾಸ್ ಅವರ ಕಾರ್ಯಕ್ರಮಕ್ಕೆ ಮೊದಲೇ ಬರೆದ ಪಟ್ಟಿ ಇರುತ್ತಿರಲಿಲ್ಲ. ಹನ್ನೆರಡು ಹೊಡೆದ ಮೇಲೆ ಶುರುವಾಗಿ ಬೆಳಗಿನ ಜಾವದವರೆಗೂ ಸಾಗುತ್ತಿತ್ತು. ಒಂದು ಪ್ಲೇಟಿನ ಮೇಲೆ ಇನ್ನೊಂದನ್ನು ಹಾಕಿ ಎರಡನ್ನೂ ಬೆರೆಸುವುದು, ಫೋನು ಮಾಡಿದ ಹಲವರನ್ನು ಏಕಕಾಲಕ್ಕೆ ಪ್ರಸಾರಕ್ಕೆ ತಂದು ಒಬ್ಬರಿಗೊಬ್ಬರು ಮಾತಾಡುವಂತೆ ಮಾಡುವುದು, ಬಾಗಿಲು ತಟ್ಟಿದ ಹಾಡುಗಾರನನ್ನು ಹಾಗೆಯೇ ಮೈಕಿನ ಮುಂದೆ ಕೂರಿಸುವುದು, ಇವೆಲ್ಲ ಅಲ್ಲಿ ಸಹಜವಾಗಿದ್ದವು. ಟ್ಯಾಕ್ಸಿ ಚಾಲಕರು, ರಾತ್ರಿ ಪಾಳಿಯ ಕೆಲಸಗಾರರು, ನಿದ್ದೆ ಬಾರದವರು, ಓದುವ ಹುಡುಗರು ಅವರ ಕೇಳುಗರು. ಹಾಡುಗಾರರಿಗೂ ಆ ಹೊತ್ತು ಅನುಕೂಲ. ವಿಲೇಜಿನ ಕ್ಲಬ್ಬುಗಳಲ್ಲಿ ರಾತ್ರಿಯ ಹಾಡುಗಾರಿಕೆ ಮುಗಿಸಿದವರು ಗಿಟಾರ್ ಹೆಗಲಿಗೇರಿಸಿಕೊಂಡು ನೇರ ನಿಲಯಕ್ಕೆ ಬರುತ್ತಿದ್ದರು. ಅಂದು ಬರೆದ ಹಾಡು ಅಂದೇ ಪ್ರಸಾರವಾಗುವುದಿತ್ತು. 1966ರ ಜನವರಿಯ ಒಂದು ರಾತ್ರಿ, ಆ ವೇಳೆಗಾಗಲೇ ಜಗತ್ಪ್ರಸಿದ್ಧರಾಗಿದ್ದ ಡಿಲನ್ ಅಲ್ಲಿ ಕುಳಿತು ಕೇಳುಗರ ಫೋನ್ ಕರೆಗಳಿಗೆ ಉತ್ತರ ಕೊಟ್ಟರು.

ಇಂಥ ಕಾರ್ಯಕ್ರಮದಿಂದ ಒಂದು ಹಾಡಿಗೆ ಏನು ದಕ್ಕುತ್ತದೆ ಎಂಬುದಕ್ಕೆ ಆರ್ಲೊ ಗತ್ರಿಯವರ ‘ಆಲಿಸಸ್ ರೆಸ್ಟೊರೆಂಟ್’ ಒಳ್ಳೆಯ ನಿದರ್ಶನ. ವುಡಿ ಗತ್ರಿಯವರ ಮಗನಾದ ಆರ್ಲೊ 1965ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಮ್ಯಾಸಚೂಸೆಟ್ಸಿನ ಸ್ಟಾಕ್‌ಬ್ರಿಜ್ ಊರಿನಲ್ಲಿ ಕಸ ಎಸೆದ ತಪ್ಪಿಗೆ ಬಂಧನಕ್ಕೊಳಗಾಗಿ ದಂಡ ಕಟ್ಟಿದ್ದರು. ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಸೇರಿಸಿಕೊಳ್ಳುತ್ತಿದ್ದ ಸೇನಾ ಮಂಡಳಿಯವರು ಇಂಥ ಅಪರಾಧದ ದಾಖಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಕಂಡು, ಆ ಅನುಭವವನ್ನು ಅವರು ಹದಿನೆಂಟು ನಿಮಿಷ ಮೀರಿದ ಕಥನಗೀತೆಯಾಗಿ ಕಟ್ಟಿದರು. ಹೆಚ್ಚಿನ ಭಾಗ ಮಾತು, ನಡುನಡುವೆ ಒಂದು ಚಿಕ್ಕ ಪಲ್ಲವಿ. ಮೂರು ನಿಮಿಷದ ಹಾಡುಗಳನ್ನು ಮಾತ್ರ ಹಾಕುತ್ತಿದ್ದ ವ್ಯಾಪಾರಿ ನಿಲಯಗಳಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ. 1967ರಲ್ಲಿ ಆರ್ಲೊ ಅದನ್ನು ಫಾಸ್ ಅವರ ಕಾರ್ಯಕ್ರಮದಲ್ಲಿ ಹಾಡಿದರು. ಆ ಧ್ವನಿಸುರುಳಿಯನ್ನು ಮತ್ತೆ ಮತ್ತೆ ಹಾಕಿರೆಂದು ಕೇಳುಗರು ಒತ್ತಾಯಿಸಿದರು. ವಂತಿಗೆ ಎತ್ತುವ ದಿನಗಳಲ್ಲಿ ನಿಲಯ ಆ ಬೇಡಿಕೆಯನ್ನೇ ಬಳಸಿಕೊಂಡು, ಇಷ್ಟು ಹಣ ಬಂದರೆ ಹಾಡು ಹಾಕುತ್ತೇವೆ ಎಂದು ಪ್ರಕಟಿಸಿತು. ಅದೇ ವರ್ಷ ಧ್ವನಿಮುದ್ರಿಕೆಯಾಗಿ ಹೊರಬಂದಾಗ ಹಾಡು ಪ್ಲೇಟಿನ ಒಂದು ಮಗ್ಗುಲನ್ನು ಪೂರ್ತಿ ತುಂಬಿತ್ತು. ಇಂದಿಗೂ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಅಮೆರಿಕದ ಹಲವು ನಿಲಯಗಳು ಅದನ್ನು ಪೂರ್ತಿಯಾಗಿ ಪ್ರಸಾರ ಮಾಡುತ್ತವೆ.

ಜೆರ್ರಿ ಜೆಫ್ ವಾಕರ್ ಅವರ ‘ಮಿಸ್ಟರ್ ಬೊಜ್ಯಾಂಗಲ್ಸ್’ ಹಾಡು ಸಾಗಿ ಬಂದ ದಾರಿಯೂ ಇದೇ. ನ್ಯೂ ಆರ್ಲಿಯನ್ಸಿನ ಲಾಕಪ್ಪಿನಲ್ಲಿ ಒಬ್ಬ ಮುದಿ ಬೀದಿನರ್ತಕನನ್ನು ಕಂಡ ನೆನಪಿನಿಂದ ಅವರು ಆ ಹಾಡನ್ನು ಬರೆದಿದ್ದರು. ಗಿಟಾರ್ ವಾದಕ ಡೇವಿಡ್ ಬ್ರಾಂಬರ್ಗ್ ಜೊತೆಗೂಡಿ ಫಾಸ್ ಅವರ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಅದರ ಸುರುಳಿ ಅನೇಕ ರಾತ್ರಿ ಪ್ರಸಾರವಾಯಿತು. ಹಾಡು ಕೇಳಿದವರು ಅಂಗಡಿಗೆ ಹೋಗಿ ಕೇಳಿದರೆ ಪ್ಲೇಟು ಇನ್ನೂ ಬಂದಿರಲಿಲ್ಲ. 1968ರಲ್ಲಿ ಅದು ಧ್ವನಿಮುದ್ರಿಕೆಯಾಯಿತು. ಮುಂದೆ ಹತ್ತಾರು ಗಾಯಕರು ಅದನ್ನು ತಮ್ಮದಾಗಿಸಿಕೊಂಡರು.

ಕೇಳುಗರೂ ಈ ಕಾರ್ಯಕ್ರಮದಲ್ಲಿ ಬರೀ ಕೇಳುಗರಾಗಿ ಉಳಿಯಲಿಲ್ಲ. 1967ರ ಫೆಬ್ರುವರಿಯಲ್ಲಿ ಫಾಸ್ ಅವರ ಕರೆಗೆ ಓಗೊಟ್ಟು ಕೊರೆಯುವ ಚಳಿಯ ರಾತ್ರಿಯಲ್ಲಿ ಸಾವಿರಾರು ಮಂದಿ ಕೆನಡಿ ವಿಮಾನನಿಲ್ದಾಣದಲ್ಲಿ ಒಟ್ಟುಗೂಡಿದರು. ಯಾವ ಉದ್ದೇಶವೂ ಇಲ್ಲದೆ, ಒಬ್ಬರನ್ನೊಬ್ಬರು ಕಂಡು ಹಾಡುವುದಕ್ಕೆಂದೇ ಸೇರಿದ ಕೂಟವದು. ಬರೀ ದನಿಯಿಂದ ಪರಿಚಿತರಾಗಿದ್ದವರು ಅಂದು ಮುಖ ನೋಡಿಕೊಂಡರು. 1971ರಲ್ಲಿ ಪ್ರಾಣ ಕಳೆದುಕೊಳ್ಳಲು ಗುಳಿಗೆ ನುಂಗಿದ್ದ ಒಬ್ಬರು ಕಾರ್ಯಕ್ರಮಕ್ಕೆ ಫೋನು ಮಾಡಿದಾಗ, ಪೊಲೀಸರು ಮನೆ ಪತ್ತೆ ಮಾಡುವವರೆಗೂ ಫಾಸ್ ಅವರನ್ನು ಮಾತಿನಲ್ಲಿ ಹಿಡಿದಿಟ್ಟರು. ಆ ಜೀವ ಉಳಿಯಿತು. 1977ರಲ್ಲಿ ನಿಲಯದೊಳಗಿನ ಜಗಳದಿಂದಾಗಿ ಫಾಸ್ ಕೆಲವು ವರ್ಷ ಪ್ರಸಾರದಿಂದ ದೂರವಿರಬೇಕಾಯಿತು. 1980ರ ದಶಕದಲ್ಲಿ ಮರಳಿ ಬಂದವರು, 2021ರಲ್ಲಿ 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟರಲ್ಲಿ ವ್ಯಾಪಾರಿ ಬಾನುಲಿಯೂ ಬದಲಾಗಿತ್ತು. ಒಂದೇ ಒಡೆತನದ ಎ.ಎಂ. ಮತ್ತು ಎಫ್.ಎಂ. ನಿಲಯಗಳು ದಿನವಿಡೀ ಒಂದೇ ಕಾರ್ಯಕ್ರಮ ಬಿತ್ತರಿಸಕೂಡದೆಂದು ಅಮೆರಿಕದ ಸಂಪರ್ಕ ಆಯೋಗ 1960ರ ದಶಕದಲ್ಲಿ ನಿಯಮ ಮಾಡಿತು. ಎಫ್.ಎಂ.ಗೆ ಹೊಸದಾಗಿ ಏನನ್ನಾದರೂ ಹುಡುಕಲೇಬೇಕಾಯಿತು. 1967ರ ಕೊನೆಯಲ್ಲಿ ಡಬ್ಲ್ಯು.ಎನ್.ಇ.ಡಬ್ಲ್ಯು. ಎಫ್.ಎಂ. ತನ್ನ ನಿರೂಪಕರಿಗೆ ಹಾಡು ಆರಿಸುವ ಸ್ವಾತಂತ್ರ್ಯ ಕೊಟ್ಟಿತು. ಅದರ ದೊಡ್ಡ ಫಲ ಕಂಡದ್ದು 1975ರ ಆಗಸ್ಟಿನಲ್ಲಿ. ಗ್ರೀನ್‌ವಿಚ್ ವಿಲೇಜಿನ ಪಶ್ಚಿಮ 4ನೆಯ ಬೀದಿಯಲ್ಲಿ ‘ದಿ ಬಾಟಮ್ ಲೈನ್’ ಎಂಬ ಸುಮಾರು 400 ಆಸನಗಳ ಸಂಗೀತಮನೆ ಹಿಂದಿನ ವರ್ಷವಷ್ಟೇ ತೆರೆದಿತ್ತು. ಅಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಐದು ರಾತ್ರಿಗಳಲ್ಲಿ ಹತ್ತು ಕಛೇರಿ ಕೊಟ್ಟರು. ಆಗಸ್ಟ್ 15ರ ಮೊದಲ ಕಛೇರಿಯನ್ನು ನಿಲಯ ನೇರವಾಗಿ ಪ್ರಸಾರ ಮಾಡಿತು. ನ್ಯೂಜೆರ್ಸಿಯ ಕಡಲತೀರದ ಊರುಗಳ ಹುಡುಗರ ಬದುಕನ್ನು ಹಾಡಾಗಿಸಿದ್ದ ಅವರ ‘ಬಾರ್ನ್ ಟು ರನ್’ ಧ್ವನಿಮುದ್ರಿಕೆ ಅಂಗಡಿಗೆ ಬಂದದ್ದು ಹತ್ತು ದಿನ ಕಳೆದು. ಒಳಗೆ ಕೂತಿದ್ದ ನಾನೂರು ಜನರ ಜೊತೆಗೆ ಇಡೀ ನಗರವೇ ಹೊಸ ಹಾಡುಗಳನ್ನು ಪ್ಲೇಟಿಗಿಂತ ಮೊದಲೇ ಕೇಳಿತ್ತು.

ಸಭಾಂಗಣದಿಂದ ಕಛೇರಿಯನ್ನು ನೇರ ಪ್ರಸಾರ ಮಾಡುವುದು ಸ್ಟುಡಿಯೊದ ಕೆಲಸಕ್ಕಿಂತ ಕಷ್ಟದ್ದು. ಆ ಕಾಲದಲ್ಲಿ ಸಭಾಂಗಣದಿಂದ ನಿಲಯಕ್ಕೆ ಬಾಡಿಗೆಯ ಟೆಲಿಫೋನ್ ತಂತಿಯ ಮೂಲಕ ದನಿ ಸಾಗಿಸಬೇಕಿತ್ತು. ಎದುರಿಗೆ ಕೂತವರಿಗೆ ವೇದಿಕೆಯ ಮೂಲ ದನಿಯೂ ಧ್ವನಿವರ್ಧಕದ ದನಿಯೂ ಕೂಡಿ ಕೇಳಿಸುತ್ತದೆ. ಮನೆಯಲ್ಲಿರುವವರಿಗೆ ಮೈಕು ಹಿಡಿದದ್ದಷ್ಟೇ ಕೇಳಿಸುತ್ತದೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಹದದಲ್ಲಿ ದನಿ ಬೆರೆಸುವ ಇಬ್ಬರು ಬೇಕು. ಸಭಿಕರ ಚಪ್ಪಾಳೆ, ನಗು, ಉಸಿರು ಹಿಡಿದ ಮೌನ ಇವನ್ನೂ ಹಿಡಿಯಲು ಅವರತ್ತ ಮುಖ ಮಾಡಿದ ಪ್ರತ್ಯೇಕ ಮೈಕುಗಳಿರುತ್ತವೆ. ತಂತಿ ಶ್ರುತಿ ಮಾಡಿಕೊಳ್ಳುವ ಹೊತ್ತಿನಲ್ಲಿ, ಒಬ್ಬರು ಇಳಿದು ಇನ್ನೊಬ್ಬರು ಏರುವ ಹೊತ್ತಿನಲ್ಲಿ ಪ್ರಸಾರ ಖಾಲಿ ಬೀಳದಂತೆ ನಿರೂಪಕ ಮಾತು ಜೋಡಿಸಬೇಕು. ತಪ್ಪಿದ ಸಾಲನ್ನು ಮತ್ತೆ ಹಾಡಿಸುವಂತಿಲ್ಲ. ಈ ಇಕ್ಕಟ್ಟಿನಿಂದಲೇ ಹಾಡುಗಾರನ ನಿಜವಾದ ಕಸುವು ತಿಳಿಯುತ್ತದೆ. ಮಾತು ಮರೆತಾಗ ಹೇಗೆ ಸಾವರಿಸಿಕೊಂಡ, ಸಭೆಯ ಮನಸ್ಸು ಅರಿತು ಯಾವ ಚರಣವನ್ನು ಹಿಗ್ಗಿಸಿದ ಎಂಬುದು ಧ್ವನಿಮುದ್ರಿಕೆಯಲ್ಲಿ ಸಿಗುವಂಥದ್ದಲ್ಲ.

1982ರಲ್ಲಿ ಹಾಡುಗಾರ ಜ್ಯಾಕ್ ಹಾರ್ಡಿ ಮತ್ತವರ ಗೆಳೆಯರು ‘ಫಾಸ್ಟ್ ಫೋಕ್’ ಎಂದು ಮುಂದೆ ಹೆಸರಾದ ಪತ್ರಿಕೆಯನ್ನು ತೆಗೆದರು. ಪ್ರತಿ ಸಂಚಿಕೆಯ ಜೊತೆ ಹೊಸ ಹಾಡುಗಳ ಒಂದು ಪ್ಲೇಟು ಇರುತ್ತಿತ್ತು. ಕಡಿಮೆ ಖರ್ಚಿನಲ್ಲಿ ಮುದ್ರಿಸಿ, ಹಾಡು ಹೊಸದಾಗಿರುವಾಗಲೇ ಕೇಳುಗರಿಗೆ ತಲುಪಿಸುವುದು ಅವರ ಗುರಿ. ಸುಜಾನ್ ವೇಗಾ ಈ ಗುಂಪಿನಿಂದ ಬಂದವರು. ಬ್ರಾಡ್‌ವೇ ರಸ್ತೆಯ ಒಂದು ಹೋಟೆಲಿನಲ್ಲಿ ಬೆಳಗಿನ ಕಾಫಿ ಕುಡಿಯುತ್ತ ಕಂಡದ್ದನ್ನು ಯಾವ ವಾದ್ಯವೂ ಇಲ್ಲದೆ ಬರಿಗಂಟಲಿನಲ್ಲಿ ಹಾಡಿದ ಅವರ ‘ಟಾಮ್ಸ್ ಡೈನರ್’ ಮೊದಲು ಮುದ್ರಣವಾದದ್ದು 1984ರಲ್ಲಿ, ಇದೇ ಪತ್ರಿಕೆಯ ಪ್ಲೇಟಿನಲ್ಲಿ.

ಈ ಹಾಡುಗಾರರಿಗೆಲ್ಲ ಬಾನುಲಿಯಲ್ಲಿ ದೊಡ್ಡ ಬೆಂಬಲಿಗರಾಗಿ ನಿಂತವರು ವಿನ್ ಸ್ಕೆಲ್ಸಾ. ನ್ಯೂಜೆರ್ಸಿಯ ಬಯೋನ್ ಊರಿನ ಸ್ಕೆಲ್ಸಾ 1967ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಕಾಲೇಜಿನ ನಿಲಯವಾದ ಡಬ್ಲ್ಯು.ಎಫ್.ಎಂ.ಯು.ನಲ್ಲಿ ಕೆಲಸ ಶುರು ಮಾಡಿದವರು. 1985ರಿಂದ ಅವರು ನಡೆಸಿದ ‘ಇಡಿಯಟ್ಸ್ ಡಿಲೈಟ್’ ಕಾರ್ಯಕ್ರಮದಲ್ಲಿ ಹೊಸ ಹಾಡು, ಹಳೆಯ ಪುಸ್ತಕ, ನಾಟಕ, ದೀರ್ಘವಾದ ಮಾತುಕತೆ ಎಲ್ಲಕ್ಕೂ ಜಾಗವಿತ್ತು. 1990ರ ದಶಕದಲ್ಲಿ ಅವರು ಬಾಟಮ್ ಲೈನಿನಲ್ಲಿ ‘ಇನ್ ದೇರ್ ಓನ್ ವರ್ಡ್ಸ್’ ಸರಣಿಯ ಕಛೇರಿಗಳನ್ನು ನಡೆಸಿಕೊಟ್ಟರು. ಮೂರು ನಾಲ್ಕು ಮಂದಿ ಹಾಡುಗಾರರು ಸಾಲಾಗಿ ಕುರ್ಚಿ ಹಾಕಿಕೊಂಡು ಕೂರುವರು. ಸ್ಕೆಲ್ಸಾ ಒಬ್ಬೊಬ್ಬರನ್ನೇ ಮಾತಿಗೆಳೆಯುವರು. ಹಾಡು ಹೇಗೆ ಹುಟ್ಟಿತು, ಯಾವ ಸಾಲು ಮೊದಲು ಬಂತು, ಯಾವುದನ್ನು ಹೊಡೆದುಹಾಕಿದರು ಎಂದು ಹೇಳಿ ಹಾಡುವರು. ಒಬ್ಬರು ಹಾಡುವಾಗ ಪಕ್ಕದವರು ಮೆಲ್ಲನೆ ಗಿಟಾರ್ ಸೇರಿಸುವುದೂ ಉಂಟು. ಕಸುಬಿನ ಗುಟ್ಟುಗಳು ಹೀಗೆ ಸಭಿಕರ ಎದುರೇ ಬಿಚ್ಚಿಕೊಂಡವು. ಬಾಡಿಗೆಯ ವ್ಯಾಜ್ಯದಿಂದ ಬಾಟಮ್ ಲೈನ್ 2004ರ ಜನವರಿಯಲ್ಲಿ ಮುಚ್ಚಿತು. ಫೋರ್ಡಮ್ ವಿಶ್ವವಿದ್ಯಾಲಯದ ನಿಲಯದಲ್ಲಿ ಮುಂದುವರಿದಿದ್ದ ಸ್ಕೆಲ್ಸಾ 2015ರ ಮೇ ತಿಂಗಳಲ್ಲಿ ನಿವೃತ್ತರಾದರು.

ನ್ಯೂಯಾರ್ಕಿನ ಹೊರಗೆ ಇದೇ ಹಾದಿ ಹಿಡಿದ ಕಾರ್ಯಕ್ರಮಗಳಲ್ಲಿ ಪಶ್ಚಿಮ ವರ್ಜೀನಿಯಾದ ‘ಮೌಂಟನ್ ಸ್ಟೇಜ್’ ಹೆಸರಿಸಲೇಬೇಕಾದದ್ದು. 1983ರಲ್ಲಿ ಚಾರ್ಲ್ಸ್‌ಟನ್ ನಗರದಲ್ಲಿ ಹಾಡುಗಾರ ಲ್ಯಾರಿ ಗ್ರೋಸ್ ಮತ್ತು ಇಬ್ಬರು ಸಂಗಡಿಗರು ಅದನ್ನು ಆರಂಭಿಸಿದರು. ಎರಡು ಗಂಟೆಯ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಐದು ತಂಡಗಳು ಬರುತ್ತವೆ. ಹೆಸರಾದವರ ಪಕ್ಕದಲ್ಲೇ ಹೆಸರು ಕೇಳದವರು ಹಾಡುತ್ತಾರೆ, ಕೊನೆಗೆ ಎಲ್ಲರೂ ಒಟ್ಟಾಗಿ ಒಂದು ಹಾಡು ಹೇಳುತ್ತಾರೆ. 2021ರಲ್ಲಿ ಗಾಯಕಿ ಕ್ಯಾಥಿ ಮಟೇಯಾ ನಿರೂಪಣೆಯನ್ನು ವಹಿಸಿಕೊಂಡರು. ಕಲ್ಲಿದ್ದಲ ಗಣಿಗಳ ರಾಜ್ಯವೊಂದರ ಸಾರ್ವಜನಿಕ ಬಾನುಲಿ ಈ ಕೆಲಸವನ್ನು ನಾಲ್ಕು ದಶಕ ನಡೆಸಿದೆ.

ಡೇವಿಡ್ ಗಾರ್ಲೆಂಡ್ 1987ರಲ್ಲಿ ಡಬ್ಲ್ಯು.ಎನ್.ವೈ.ಸಿ.ಯಲ್ಲಿ ‘ಸ್ಪಿನ್ನಿಂಗ್ ಆನ್ ಏರ್’ ಶುರು ಮಾಡಿದಾಗ ಅವರೂ ಹಾಡು ಕಟ್ಟುವವರೇ ಆಗಿದ್ದರು. ಅವರ ‘ಕಂಟ್ರೋಲ್ ಸಾಂಗ್ಸ್’ ಧ್ವನಿಮುದ್ರಿಕೆ ಹಿಂದಿನ ವರ್ಷ ಹೊರಬಂದಿತ್ತು. ಮ್ಯಾನ್‌ಹಟನ್ನಿನ ಪ್ರಯೋಗಶೀಲ ಸಂಗೀತದ ವಲಯದಿಂದ ಬಂದ ಅವರಿಗೆ ಜನಪದ, ರಾಕ್, ವಿದ್ಯುನ್ಮಾನ ಸಂಗೀತ, ಚಲನಚಿತ್ರದ ಹಿನ್ನೆಲೆ ಸಂಗೀತ ಇವುಗಳ ನಡುವೆ ಗೋಡೆಗಳಿರಲಿಲ್ಲ. ಹಾರ್ಪ್ ನುಡಿಸುತ್ತ ದೀರ್ಘ ಕಾವ್ಯದಂಥ ಹಾಡು ಹಾಡುವವರು, ಪಿಸುದನಿಯಲ್ಲಿ ವಿಚಿತ್ರ ಕಥೆ ಹೇಳುವವರು, ತಮ್ಮದೇ ವಾದ್ಯ ಮಾಡಿಕೊಂಡವರು, ಹೀಗೆ ಸಾಹಸಿ ಹಾಡುಗಾರರನ್ನೇ ಅವರು ಹುಡುಕಿ ಕರೆದರು. ಕಸುಬಿನವನೇ ಕಸುಬಿನವರನ್ನು ಕೇಳುತ್ತಿದ್ದುದರಿಂದ ಪ್ರಶ್ನೆಗಳು ಹಾಡಿನೊಳಕ್ಕೇ ಇಳಿಯುತ್ತಿದ್ದವು. ಮುಂದೆ ನಿಲಯದ ಒಡೆತನವೂ ಬದಲಾಯಿತು. 1990ರ ದಶಕದಲ್ಲಿ ನಗರಾಡಳಿತ ಅದನ್ನು ಮಾರಲು ನಿರ್ಧರಿಸಿದಾಗ ಕೇಳುಗರ ವಂತಿಗೆಯಿಂದ ನಡೆಯುವ ಪ್ರತಿಷ್ಠಾನವೊಂದು ಕೊಂಡುಕೊಂಡಿತು. 2008ರಲ್ಲಿ ನಿಲಯ ವ್ಯಾರಿಕ್ ಬೀದಿಗೆ ಬಂತು. 2009ರಲ್ಲಿ ಅದೇ ಕಟ್ಟಡದ ನೆಲಮಹಡಿಯಲ್ಲಿ ‘ಗ್ರೀನ್ ಸ್ಪೇಸ್’ ಎಂಬ ಕಛೇರಿ ಮನೆ ತೆರೆಯಿತು. ಬೀದಿಯ ಕಡೆಗೆ ಗಾಜಿನ ಗೋಡೆ, ಒಳಗೆ ಪುಟ್ಟ ವೇದಿಕೆ, ನೂರಕ್ಕೆ ತುಸು ಮೇಲ್ಪಟ್ಟು ಆಸನ. ಸ್ಟುಡಿಯೊದೊಳಗೆ ಅವಿತಿದ್ದ ಬಾನುಲಿ ಸಂಗೀತವನ್ನು ದಾರಿಹೋಕರೂ ಕಾಣುವಂತಾಯಿತು.

ಇವರೆಲ್ಲರ ದುಡಿಮೆ ಉಳಿದದ್ದು ಸುರುಳಿಗಳಲ್ಲಿ. 1930, 40ರ ದಶಕಗಳಲ್ಲಿ ಲ್ಯಾಕರ್ ಲೇಪಿಸಿದ ತಟ್ಟೆಗಳ ಮೇಲೆ ಪ್ರಸಾರವನ್ನು ಕೊರೆದಿಡುತ್ತಿದ್ದರು. ನಾಲ್ಕಾರು ಸಲ ಹಾಕಿದರೆ ಸವೆಯುವ, ಲೇಪ ಬಿರುಕುಬಿಡುವ ವಸ್ತು ಅದು. ಆಮೇಲೆ ಬಂದ ಕಾಂತಸುರುಳಿಗಳು ದುಬಾರಿಯಾದ್ದರಿಂದ ಅಳಿಸಿ ಮತ್ತೆ ಬಳಸುವ ಪದ್ಧತಿ ಬಹಳ ನಿಲಯಗಳಲ್ಲಿತ್ತು. ಡಬ್ಲ್ಯು.ಎನ್.ವೈ.ಸಿ.ಯ ಹಳೆಯ ತಟ್ಟೆಗಳಲ್ಲಿ ಹಲವು ನಗರದ ಪತ್ರಾಗಾರದಲ್ಲಿ ಉಳಿದುಕೊಂಡಿವೆ. ಫಾಸ್ ತಮ್ಮ ಸಾವಿರಾರು ಗಂಟೆಗಳ ಸುರುಳಿಗಳನ್ನು ಮನೆಯಲ್ಲೇ ರಾಶಿ ಹಾಕಿ ಕಾಪಾಡಿದ್ದರು. ಅವು ಈಗ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವರ ಬದುಕಿನ ಮೇಲೆ 2012ರಲ್ಲಿ ಬಂದ ಸಾಕ್ಷ್ಯಚಿತ್ರಕ್ಕೂ ಈ ಸುರುಳಿಗಳೇ ಆಧಾರ. ಫಾಸ್ಟ್ ಫೋಕ್ ಪತ್ರಿಕೆಯ ಧ್ವನಿಮುದ್ರಣಗಳನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಪಡೆದುಕೊಂಡಿದೆ. ಮುದ್ರಣವಾಗದೆ ಹೋದ ರಾತ್ರಿಗಳ ಲೆಕ್ಕ ಇದಕ್ಕಿಂತ ಬಹಳ ದೊಡ್ಡದು. ಅವು ಕೇಳಿದವರ ನೆನಪಿನಲ್ಲಿ ಮಾತ್ರ ಇದ್ದವು, ಅವರೊಂದಿಗೇ ಮರೆಯಾಗುತ್ತಿವೆ.

ಈ ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳಿಗೆ ಸಾಮಾನ್ಯವಾದ ಮೂರು ಸಂಗತಿಗಳು ಕಾಣುತ್ತವೆ. ಮೊದಲನೆಯದು, ಹೊತ್ತನ್ನು ಕೊಂಡುಕೊಂಡವರು ಬಹುಮಟ್ಟಿಗೆ ಇಲ್ಲದಿದ್ದುದು. ನಗರದ ಹಣವೋ, ಕೇಳುಗರ ವಂತಿಗೆಯೋ, ನಿರೂಪಕನ ಸಂಬಳವಿಲ್ಲದ ದುಡಿಮೆಯೋ ಮುಖ್ಯ ಆಧಾರವಾಗಿತ್ತು. ಎರಡನೆಯದು, ಒಬ್ಬನೇ ನಿರೂಪಕ ದಶಕಗಟ್ಟಲೆ ಒಂದೇ ಜಾಗದಲ್ಲಿ ನಿಂತದ್ದು. ಆತನ ಕಿವಿಯ ಮೇಲೆ ಕೇಳುಗರಿಗೆ ನಂಬಿಕೆ ಬೆಳೆದಿದ್ದರಿಂದ ಪರಿಚಯವಿಲ್ಲದ ಹಾಡುಗಾರನನ್ನೂ ಅವರು ತಾಳ್ಮೆಯಿಂದ ಕೇಳಿದರು. ಮೂರನೆಯದು, ಹಾಡು ಮುದ್ರಿಕೆಯಾಗುವ ಮೊದಲೇ ಜೀವಂತ ಜನರ ಎದುರು ಬಂದದ್ದು. ಇಂದು ಯಾರು ಬೇಕಾದರೂ ಮನೆಯಲ್ಲೇ ಹಾಡು ಮುದ್ರಿಸಿ ಜಗತ್ತಿಗೆ ಕಳಿಸಬಹುದು. ಆದರೆ ದಿನವೂ ಬಂದು ಬೀಳುವ ಅಸಂಖ್ಯ ಹಾಡುಗಳ ನಡುವೆ ಇದನ್ನು ಕೇಳಿ ಎಂದು ಪ್ರೀತಿಯಿಂದ, ಹೊಣೆಯರಿತು ಹೇಳುವವರು ಕಡಿಮೆಯಾಗಿದ್ದಾರೆ. ಆ ಕೆಲಸವನ್ನು ಯಂತ್ರದ ಎಣಿಕೆಗೆ ಬಿಟ್ಟರೆ, ಈಗಾಗಲೇ ಮೆಚ್ಚಿದಂಥದ್ದನ್ನೇ ಅದು ಮತ್ತೆ ಮತ್ತೆ ಮುಂದೊಡ್ಡುತ್ತದೆ.

ಆಸ್ಕರ್ ಬ್ರ್ಯಾಂಡ್ 2016ರ ಸೆಪ್ಟೆಂಬರ್ 30ರಂದು, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ 1995ರಲ್ಲಿ ಪ್ರಸಾರ ಕ್ಷೇತ್ರದ ಗೌರವವಾದ ಪೀಬಡಿ ಪ್ರಶಸ್ತಿ ಸಂದಿತ್ತು. ಆದರೆ ಅವರ ದುಡಿಮೆಯ ನಿಜವಾದ ಅಳತೆ ಅವರು ಮೊದಲು ಕರೆದು ಹಾಡಿಸಿದವರ ಹೆಸರುಗಳಲ್ಲಿದೆ. ಹೊಸ ಹಾಡಿಗೆ ಬೇಕಾದದ್ದು ದೊಡ್ಡ ವೇದಿಕೆಯಲ್ಲ, ಕೇಳುವ ಮನಸ್ಸಿರುವ ಒಬ್ಬ ನಿರೂಪಕ ಮತ್ತು ಅವನ ಕೈ ಕಟ್ಟಿಹಾಕದ ಒಂದು ನಿಲಯ. ಯಾವ ಊರಿನ, ಯಾವ ನುಡಿಯ ಬಾನುಲಿಯಾದರೂ ವಾರಕ್ಕೆ ಒಂದು ಗಂಟೆಯನ್ನು ಹೀಗೆ ಬಿಟ್ಟುಕೊಡಲು ಮನಸ್ಸು ಮಾಡಬೇಕು.